ಬಾಗಿಲಿನ ಪರ ವಕಾಲತ್ತು

ಮೆಟ್ರೋ ಡಿಪೋದಲ್ಲಿ ಹತ್ತೊಂಬತ್ತು ವರ್ಷಗಳಿಂದ ರೈಲಿನ ಬಾಗಿಲು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ಗೆ ಜೊತೆಯವರು ದ್ವಾರಪಾಲಕ ಎಂದು ಹೆಸರಿಟ್ಟಿದ್ದರು. ಅವನೂ ಆ ಹೆಸರಿಗೆ ಒಳಗೊಳಗೇ ಉಬ್ಬುತ್ತಿದ್ದ. ತನ್ನನ್ನು ಬೈದರೆ ಸಹಿಸಿಯಾನು, ತನ್ನ ಬಾಗಿಲುಗಳ ಬಗ್ಗೆ ಯಾರಾದರೂ ತುಟಿ ಬಿಚ್ಚಿದರೆ ಮುಗಿಯಿತು.

ಹಾಗಾಗಿ ಎರಡು ತಿಂಗಳ ಹಿಂದೆ ಹೆಂಡತಿ ಹರಿದ ಶಾಲು ಹಿಡಿದು ಮನೆಗೆ ಬಂದು, ರೈಲಿಂದ ಇಳಿಯುವಾಗ ಶಾಲಿನ ತುದಿ ಬಾಗಿಲಿಗೆ ಸಿಕ್ಕಿಕೊಂಡಿತು, ರೈಲು ತನ್ನನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು, ಬಟ್ಟೆ ಹರಿದದ್ದರಿಂದ ಬದುಕಿದೆ ಎಂದಾಗ ಈ ಮಹಾನುಭಾವ ಮೊದಲು ಕೇಳಿದ್ದು ಯಾವ ಬೋಗಿ ಎಂದು. ಆಮೇಲೆ ಬಾಗಿಲಿನ ಪರ ವಕಾಲತ್ತು ಶುರುವಾಯಿತು. ನಡುವೆ ಏನೇ ಸಿಕ್ಕರೂ ಅದು ತಾನಾಗಿ ತೆರೆದುಕೊಳ್ಳುತ್ತದೆ, ನೀನೇ ಅವಸರ ಮಾಡಿರಬೇಕು, ಶಾಲು ಬೇರೆಲ್ಲೋ ಸಿಕ್ಕಿರಬೇಕು. ಅವಳು ಮರುದಿನದಿಂದ ರೈಲು ಹತ್ತುವುದನ್ನೇ ಬಿಟ್ಟಳು.

ಅವಳು ಕೆಲಸ ಮಾಡುವ ಗಾರ್ಮೆಂಟ್ಸ್‌ಗೆ ನೇರ ಬಸ್ಸಿಲ್ಲ, ನಡೆದು ಹೋದರೆ ಒಂದೂವರೆ ಗಂಟೆಯ ದಾರಿ. ಮೊಣಕಾಲು ಊದಿಕೊಂಡಿತು. ನಾಲ್ಕು ದಿನ ತಡವಾಯಿತು. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದು ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿಬಿಟ್ಟ. ಗಂಡನಿಗೆ ದಿಗಿಲಾಯಿತು. ಇವಳಿಗೆ ಹಿಡಿದಿರುವುದು ಬರೀ ಭಯ, ಕಣ್ಣಾರೆ ತೋರಿಸಿದರೆ ಬಿಟ್ಟುಹೋಗುತ್ತದೆ ಎಂದುಕೊಂಡ. ಭಾನುವಾರ ಅನುಮತಿ ಪಡೆದು ಅವಳನ್ನು ಡಿಪೋಗೆ ಕರೆದುಕೊಂಡು ಹೋದ.

ಅಲ್ಲಿ ನಿಂತಿದ್ದ ರೈಲಿನ ಬಾಗಿಲ ನಡುವೆ ತಾನು ದಿನವೂ ಪರೀಕ್ಷೆಗೆ ಬಳಸುವ ಮರದ ತುಂಡು ಇಟ್ಟು ಗುಂಡಿ ಒತ್ತಿದ. ಬಾಗಿಲು ತುಂಡಿಗೆ ತಾಗಿ ಹಿಂದೆ ಸರಿಯಿತು. ತನ್ನ ಮಣಿಕಟ್ಟನ್ನೇ ಇಟ್ಟ. ಆಗಲೂ ಸರಿಯಿತು. ಈಗೇನಂತೀಯ ಎನ್ನುವ ಹಾಗೆ ನಿಂತ.

ಅವಳು ಹೊದ್ದಿದ್ದ ಶಾಲು ತೆಗೆದಳು. ಅದೇ ಶಾಲು, ಹರಿದ ಅಂಚನ್ನು ತಾನೇ ಹೊಲಿದುಕೊಂಡಿದ್ದಳು. ಅದರ ತುದಿಯನ್ನು ಬಾಗಿಲ ನಡುವೆ ಹಿಡಿದು, ಈಗ ಒತ್ತಿ ಎಂದಳು. ಬಾಗಿಲು ಮುಚ್ಚಿತು. ಮೇಲೆ ಹಸಿರು ದೀಪ ಹತ್ತಿತು. ಚಾಲಕ ಇನ್ನು ಹೊರಡಬಹುದು ಎಂದರ್ಥ. ಅವಳು ಎರಡೂ ಕೈಯಿಂದ ಜಗ್ಗಿದಳು. ಶಾಲು ಬರಲಿಲ್ಲ.

ಬೆರಳಿಗಿಂತ ತೆಳುವಾದದ್ದು ಆ ಬಾಗಿಲಿಗೆ ಗೊತ್ತೇ ಆಗುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ಕಲಿತ ಪಾಠವದು. ಅವನು ಮತ್ತೆ ಗುಂಡಿ ಒತ್ತಿ ಬಾಗಿಲು ತೆರೆದು ಶಾಲು ಬಿಡಿಸಿಕೊಟ್ಟ.

"ನಿಮಗೆ ಇದು ಗೊತ್ತಿತ್ತು, ಅಲ್ವಾ?" ಎಂದಳು.

"ಗೊತ್ತಿತ್ತು. ನಿಂದೇನೂ ತಪ್ಪಿರಲಿಲ್ಲ."

"ನನಗೆ ಬಾಗಿಲಿನ ಭಯ ಇರಲಿಲ್ಲ ರೀ. ಮನೇಲಿ ನನ್ನ ಮಾತು ನಂಬೋರಿಲ್ಲ ಅಂದ್ಮೇಲೆ, ಮತ್ತೆ ಸಿಕ್ಕಿಕೊಂಡ್ರೆ ಯಾರಿಗೆ ಹೇಳ್ಲಿ?"

ಅವನು ಆಫೀಸಿಗೆ ಹೋಗಿ ದೂರಿನ ಪುಸ್ತಕ ತೆಗೆದು, ಬಟ್ಟೆ ಸಿಕ್ಕಿ ಪ್ರಯಾಣಿಕಳೊಬ್ಬಳನ್ನು ರೈಲು ಎಳೆದುಕೊಂಡು ಹೋಗಿದೆ ಎಂದು ಬರೆದ. ಹೆಸರಿನ ಜಾಗದಲ್ಲಿ ಹೆಂಡತಿಯ ಹೆಸರು ಬರೆದು ಕೆಳಗೆ ತನ್ನ ಸಹಿ ಹಾಕಿದ. ಅವಳು ಪಕ್ಕದಲ್ಲಿ ನಿಂತು ಅಕ್ಷರ ಅಕ್ಷರ ಓದಿದಳು.

ಸೋಮವಾರ ಬೆಳಗ್ಗೆ ಅವಳು ಶಾಲನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಗುಂಪಿನ ನಡುವೆ ಆರಾಮಾಗಿ ರೈಲು ಹತ್ತಿದಳು. ಬೀಳ್ಕೊಡಲು ಬಂದಿದ್ದ ಗಂಡ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ. ಬಾಗಿಲು ಮುಚ್ಚುವಾಗ ಜನರ ಬ್ಯಾಗಿನ ಪಟ್ಟಿ, ಕೋಟಿನ ಅಂಚು, ಮಕ್ಕಳ ಟೋಪಿಯ ದಾರ ಎಲ್ಲವೂ ಅವನ ಕಣ್ಣಿಗೆ ಬಿದ್ದವು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಅವನಿಗೆ ತನ್ನ ಬಾಗಿಲಿನ ಭಯವಾಯಿತು.