ಕಷ್ಟದ ಕಾಗದ

ಒಂದು ನಾಡಿಗೆ ಒಂದು ಬಾಗಿಲಿತ್ತಂತೆ. ಕದ್ದು ಒಳಗೆ ಬಂದವನು ಒಳಗೇ ಇರುವವರೆಗೂ ಅದು ಕಣ್ಣು ಮುಚ್ಚಿಕೊಂಡಿರುತ್ತಿತ್ತು. ಹೊರಗೆ ಕಾಲಿಟ್ಟನೋ, ಹತ್ತು ವರ್ಷ ತೆರೆಯುತ್ತಿರಲಿಲ್ಲ. ತೆರೆಸಬೇಕಾದರೆ ಒಳಗುಳಿದ ಹೆಂಡತಿ ತನ್ನ ಗೋಳನ್ನೆಲ್ಲ ಬರೆದುಕೊಡಬೇಕಿತ್ತು.

ನೊಎಮಿಗೆ ಬಾರದಿದ್ದ ವಿದ್ಯೆ ಅದೊಂದೇ. ಯಾಕಿಮಾದಲ್ಲೇ ಹುಟ್ಟಿದ ಅಮೆರಿಕದ ಪ್ರಜೆ ಅವಳು, ಸೇಬಿನ ಶೆಡ್ಡಿನಲ್ಲಿ ದಿನವಿಡೀ ನಿಂತು ಹಣ್ಣು ಆರಿಸುವವಳು. ಹೇಗಿದ್ದೀ ಎಂದು ಯಾರು ಕೇಳಿದರೂ "ದೇವರ ದಯೆ, ಚೆನ್ನಾಗಿದ್ದೀನಿ" ಎನ್ನುವುದು ಅವಳ ಕೇರಿಯ ಹೆಂಗಸರ ರೂಢಿ, ಮನೆಗೆ ಬೆಂಕಿ ಬಿದ್ದಿದ್ದರೂ.

ವಕೀಲೆ ಬಾರಿಯೋಸ್ ಕಾಗದ ಓದಿ ಕನ್ನಡಕ ತೆಗೆದಳು. "ಏನಮ್ಮಾ ಇದು? 'ನಾನು ಗಟ್ಟಿಗಿತ್ತಿ, ಮೂರು ಮಕ್ಕಳನ್ನ ಒಬ್ಬಳೇ ಸಾಕಬಲ್ಲೆ.' ಇದನ್ನ ಓದಿದ ಅಧಿಕಾರಿ, ಹಾಗಾದ್ರೆ ಗಂಡ ಯಾಕಮ್ಮಾ ಬೇಕು ಅಂತಾನೆ!"

"ಸುಳ್ಳು ಅಳು ನನಗೆ ಬರಲ್ಲ, ಸೆನ್ಯೋರಾ."

"ನಿಜದ್ದನ್ನೇ ಬರೀರಿ. ಶುಕ್ರವಾರ ಕಳಿಸಬೇಕು. ಫಿಡೆನ್ಸಿಯೊಗೆ ಮಾತು ಕೊಟ್ಟಿದ್ದೀರಿ ತಾನೇ?"

ಕೊಟ್ಟಿದ್ದಳು, ಕರೆಸಿಕೊಳ್ಳುತ್ತೇನೆ ಎಂದು. ಗಂಡ ಫಿಡೆನ್ಸಿಯೊ, ಹಿಂದೆ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವನು, ಹದಿನಾಲ್ಕು ತಿಂಗಳಿಂದ ಗಡಿಯಾಚೆ ಮಿಚೋಕಾನಿನ ತಾಯಿಮನೆಯಲ್ಲಿ ಕಾಯುತ್ತಿದ್ದ. ಆದರೆ ನಿಜ ಬರೆಯಹೊರಟರೆ ಮೊದಲ ಸಾಲನ್ನೇ ಹೊಡೆದುಹಾಕುತ್ತಿದ್ದಳು. "ಮೊದಲು ಇಲ್ಲಿದ್ದೇ ಕ್ಷಮೆಯ ಅರ್ಜಿ ಹಾಕಲಿ, ಮಂಜೂರಾದ ಮೇಲೆ ಹೊರಡಲಿ" ಎಂದು ಇದೇ ಬಾರಿಯೋಸ್ ಅವನು ಹೊರಡುವ ಮುನ್ನ ಫೋನಿನಲ್ಲಿ ಎಚ್ಚರಿಸಿದ್ದಳು. ನೊಎಮಿ ಅದನ್ನು ಗಂಡನ ಕಿವಿಗೆ ಹಾಕಲೇ ಇಲ್ಲ. ಪ್ರಜೆಯ ಗಂಡನನ್ನು ತಡೆಯುವವರು ಯಾರು ಎಂಬ ಜಂಭ. "ಎರಡು ವಾರದ ಮಾತು, ಹೋಗಿ ಬಾ" ಎಂದು ಅಂಗಿಗೆ ಇಸ್ತ್ರಿ ಮಾಡಿ ಗಡಿಯಾಚೆ ಹುವಾರೆಸ್ಸಿನ ಅಮೆರಿಕ ದೂತಾವಾಸದ ವೀಸಾ ಸಂದರ್ಶನಕ್ಕೆ ಕಳಿಸಿದ್ದಳು. ಆ ದೂತಾವಾಸದ ಕಿಟಕಿಯಲ್ಲೇ ಹತ್ತು ವರ್ಷದ ತಡೆ ಬಿತ್ತು.

ಗುರುವಾರ ಸಂಜೆ ಗಂಡನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟಳು.

"ನಾನೇ ಏನೋ ತಪ್ಪು ಉತ್ತರ ಕೊಟ್ಟೆ ಅಂತ ಇಷ್ಟು ದಿನ ತಲೆ ಚಚ್ಕೊಂಡೆನಲ್ಲೇ," ಎಂದ ಫಿಡೆನ್ಸಿಯೊ.

"ಬೈದುಬಿಡು."

"ಬೈಯೋದೆಲ್ಲ ಎದುರಿಗೇ ಆಗಲಿ, ಫೋನಲ್ಲಿ ರುಚಿ ಇರಲ್ಲ. ಈಗ ಬರಿ ಹೋಗು."

ಅವನು ನಕ್ಕಿರಲಿಲ್ಲ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದಳು: "ಅವನನ್ನು ಕಳಿಸಿದವಳು ನಾನು. ಶೆಡ್ಡಿನಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದೆ, ಯಾರಿಗೂ ಹೇಳಲಿಲ್ಲ. ಕಿರಿಯವಳು ಈಗ ಫೋನಿನಲ್ಲಿ ಅಪ್ಪನಿಗೆ ಮುಖ ತೋರಿಸಲು ಒಲ್ಲೆ ಎನ್ನುತ್ತಾಳೆ. ನಾನು ಚೆನ್ನಾಗಿಲ್ಲ."

ಶುಕ್ರವಾರ ಬೆಳಿಗ್ಗೆ ಬಾರಿಯೋಸ್ ಓದಿ, ಪೆನ್ನು ಮುಂದೆ ಸರಿಸಿದಳು. ನೊಎಮಿ ರುಜು ಹಾಕಿದಳು. ಲಕೋಟೆಯನ್ನು ತಾನೇ ಅಂಟಿಸಿ, ತಾನೇ ಅಂಚೆಗೆ ಹಾಕಿದಳು.