ಗಸಿ ಏಳದಂತೆ

"ನಿಲ್ಲಿ, ನಿಲ್ಲಿ! ನನ್ನ ಕೈ ಗೋಡೆಗೆ ಸಿಕ್ಕಿಕೊಂಡಿದೆ," ಎಂದು ಲಾರಿ ಡ್ರೈವರ್ ಕೆಳಗಿನಿಂದ ಕೂಗಿದ.

ಹೆಣದ ಪೆಟ್ಟಿಗೆ ಮೊದಲ ಮೆಟ್ಟಿಲುಗಳಲ್ಲೇ ಕಚ್ಚಿಕೊಂಡಿತ್ತು. ಮುಂದೆ ಇಬ್ಬರು, ಹಿಂದೆ ಇಬ್ಬರು. ಆ ಮೆಟ್ಟಿಲು ಕಟ್ಟಿಸಿದ ಪುಣ್ಯಾತ್ಮ, ಒಬ್ಬ ಮನುಷ್ಯ ಒಂದು ಬಕೆಟ್ ಹಿಡಿದು ಇಳಿದರೆ ಸಾಕು, ಹೆಣ ಇಳಿಸುವ ದಿನ ತಾನಂತೂ ಇರುವುದಿಲ್ಲ ಎಂದುಕೊಂಡಿದ್ದಿರಬೇಕು. ಪೆಟ್ಟಿಗೆ ಒಂದು ಕಡೆ ವಾಲಿತು. ಮುಚ್ಚಳದ ಮೇಲೆ ಇಟ್ಟಿದ್ದ ಬಿಡಿ ಹೂವುಗಳೆಲ್ಲ ಜಾರಿ ಮೆಟ್ಟಿಲ ಮೇಲೆ ಉದುರಿದವು.

"ಅಯ್ಯೋ, ನನ್ನ ಸೊಂಟ," ಎಂದ ಹಿಂದಿನ ಮೂಲೆ ಹಿಡಿದಿದ್ದವನು. ಅವನು ಸತ್ತವನ ಹೆಂಡತಿಯ ತಮ್ಮ.

"ವಾಪಸ್ ತನ್ನಿ. ಅಪ್ಪನ್ನ ಬೀಳಿಸಬೇಡಿ," ಎಂದಳು ಮಗಳು.

ಪೆಟ್ಟಿಗೆ ಮತ್ತೆ ನಡುಮನೆಗೆ ಬಂತು. ಎಲ್ಲರೂ ಏದುಸಿರು ಬಿಡುತ್ತ ಅದರ ಸುತ್ತ ನಿಂತರು. ಕೆಳಗಿನ ಮೊಬೈಲ್ ಅಂಗಡಿಯವನು ಅರ್ಧ ಶಟರ್ ಎಳೆದು ಮೇಲೆ ಬಂದಿದ್ದ. ಅವನ ಅಂಗಡಿ ಇರುವ ಜಾಗದಲ್ಲಿ ಮೊದಲು ಸತ್ತವನ ಕಾರ್ಖಾನೆಯ ಬಿಯರ್ ಕಾಯಿಸುವ ಹಂಡೆಗಳಿದ್ದವು. ಈಗಲೂ ಮಳೆಗಾಲದಲ್ಲಿ ಗೋಡೆ ಮಾಲ್ಟಿನ ವಾಸನೆ ಹೊಡೆಯುತ್ತದೆ ಎಂದು ಅವನು ದೂರುತ್ತಿದ್ದ. ದೂರುತ್ತಿದ್ದನೇ ಹೊರತು ಸುಣ್ಣ ಬಳಿಸಿರಲಿಲ್ಲ.

"ನಾನು ಹಿಡೀಲಾ?" ಎಂದ ಅವನು.

"ನೀನು ದಿನಾ ಗಿರಾಕಿ ಫೋನೇ ಬೀಳಿಸ್ತೀಯ," ಎಂದ ಡ್ರೈವರ್. "ಸುಮ್ನಿರು ಮಾರಾಯ."

ಮೂಲೆಯಲ್ಲಿ ಕೂತಿದ್ದ ಪೀಪಾಯಿ ಬಡಗಿ ತಲೆ ಎತ್ತಿದ. ಆ ಬಿಯರ್ ಕಾರ್ಖಾನೆಯ ಮರದ ಪೀಪಾಯಿಗಳನ್ನೆಲ್ಲ ಕಟ್ಟಿದವನು ಅವನೇ. ಈಗ ಅವನ ಕೈ ನಡುಗುತ್ತದೆ.

"ಇದು ನಾಲ್ಕು ಜನರ ಕೆಲಸ ಅಲ್ಲ. ಇಬ್ಬರದು," ಎಂದ. "ಗಳಕ್ಕೆ ತೂಗುಹಾಕಿ ಇಳಿಸ್ಬೇಕು, ಪೀಪಾಯಿ ಥರ."

"ಆ ಗಳ ಇನ್ನೂ ಇದೆಯಾ?" ಎಂದ ಡ್ರೈವರ್.

"ನಮ್ಮನೇಲಿದೆ. ನಮ್ಮವಳು ಅದರ ಮೇಲೆ ಬಟ್ಟೆ ಒಣ ಹಾಕ್ತಾಳೆ."

ಮೊಬೈಲ್ ಅಂಗಡಿಯವನು ಗಳ ತರಲು ಓಡಿದ. ಬಡಗಿ ಕಿಟಕಿಯ ಕಡೆ ನೋಡಿದ. ಆಮೇಲೆ ಡ್ರೈವರೂ ನೋಡಿದ. ಬೀದಿಯ ಆಚೆ ಬದಿಯಲ್ಲಿ, ಗೋಡೆಗೆ ಒರಗಿ, ಬಹಳ ಎತ್ತರದ ಒಬ್ಬ ಮನುಷ್ಯ ಬೆಳಗಿನಿಂದ ನಿಂತಿದ್ದ.

ಮಗಳು ಹೋಗಿ ಕಿಟಕಿ ಮುಚ್ಚಿದಳು.

"ಚಿಕ್ಕಪ್ಪ ಅಲ್ಲೇ ಇರಲಿ. ಮಾರೋದು ಅವರ ಕೆಲಸ, ಹೊರೋದಲ್ಲ."

*

ಪೆಟ್ಟಿಗೆಯಲ್ಲಿದ್ದ ಅಣ್ಣ ಗಿಡ್ಡ, ಬೀದಿಯಲ್ಲಿ ನಿಂತ ತಮ್ಮ ಉದ್ದ. ಊರು ಇಂಥದ್ದನ್ನು ಸುಮ್ಮನೆ ಬಿಡುತ್ತದೆಯೇ? "ದೊಡ್ಡವನು ಚಿಕ್ಕವನು, ಚಿಕ್ಕವನು ದೊಡ್ಡವನು" ಎಂದು ಆಡಿಕೊಂಡು ನಗುತ್ತಿತ್ತು. ತಮ್ಮನಿಗೆ ಉದ್ದಪ್ಪ ಎಂಬ ಹೆಸರೇ ನಿಂತಿತು.

ಅಣ್ಣ ಬಿಯರ್ ಕಾಯಿಸುತ್ತಿದ್ದ, ತಮ್ಮ ಪೀಪಾಯಿಯಲ್ಲೂ ಬಾಟಲಿಯಲ್ಲೂ ಅಂಗಡಿ ಅಂಗಡಿ ತಿರುಗಿ ಮಾರುತ್ತಿದ್ದ. ಆದರೆ ನೆಲಮಾಳಿಗೆಯಿಂದ ಪೀಪಾಯಿ ಮೇಲೆ ತರುವ ಕೆಲಸಕ್ಕೆ ಇಬ್ಬರೂ ಬೇಕು. ಅಲ್ಲಿಯ ಮೆಟ್ಟಿಲೂ ಇಷ್ಟೇ ಇಕ್ಕಟ್ಟು. ಪೀಪಾಯಿಗೆ ಹಗ್ಗ ಬಿಗಿದು, ಗಳಕ್ಕೆ ತೂಗುಹಾಕಿ, ಅಣ್ಣ ಮುಂದೆ, ತಮ್ಮ ಹಿಂದೆ. ಅವರ ಬಿಯರ್ ಸೋಸಿದ ಬಿಯರ್ ಅಲ್ಲ. ಪೀಪಾಯಿಯ ತಳದಲ್ಲಿ ಗಸಿ ಕೂತಿರುತ್ತಿತ್ತು. ಕುಲುಕಿದರೆ, ವಾಲಿದರೆ, ಗಸಿ ಎದ್ದು ಇಡೀ ಪೀಪಾಯಿ ಕದಡಿ ಹೋಗುತ್ತಿತ್ತು.

"ಮಟ್ಟ ತಪ್ಪಬಾರದು ಕಣೋ. ಮಲಗಿರೋ ಕೂಸನ್ನ ಎತ್ತಿದ ಹಾಗೆ," ಎನ್ನುತ್ತಿದ್ದ ಅಣ್ಣ.

ಅಣ್ಣ ಎತ್ತರವಾಗುವ ಹಾಗಿರಲಿಲ್ಲ. ತಮ್ಮನೇ ಮೊಣಕಾಲು ಬಗ್ಗಿಸಿದ. ಅಂಗಳದಲ್ಲಿ, ಬೀದಿಯಲ್ಲಿ, ಲಾರಿಯವರೆಗೂ, ಬಾತುಕೋಳಿಯ ಹಾಗೆ ಅರ್ಧ ಕೂತೇ ನಡೆದ. ನೋಡಿದವರು ನಕ್ಕರು. ಅವನು ಬಗ್ಗುವುದನ್ನು ಬಿಡಲಿಲ್ಲ.

ಗಳ ಹೊತ್ತಾಗ ಮುಂದಿನವನಿಗೆ ಹಿಂದೆ ಕಾಣದು, ಹಿಂದಿನವನಿಗೆ ಕಾಲಡಿ ಕಾಣದು. ಅದಕ್ಕೆ ಒಂದು ಪದ್ಧತಿ ಮಾಡಿಕೊಂಡಿದ್ದರು. ಮುಂದಿನವನು "ಮೆಟ್ಟಿಲು" ಎನ್ನಬೇಕು. ಹಿಂದಿನವನು "ಇದೀನಿ" ಎನ್ನಬೇಕು. ಉತ್ತರ ಬರುವ ತನಕ ಮುಂದಿನವನು ಕಾಲು ಕಿತ್ತು ಇಡುವಂತಿಲ್ಲ.

ಕೆಳಗೆ ಖಾಲಿ ಪೀಪಾಯಿ ತೊಳೆಯುತ್ತಿದ್ದ ಮಗಳು ಇದನ್ನು ಕೇಳುತ್ತಲೇ ಬೆಳೆದಳು.

*

ಗಳ ಬಂತು. ಅದರ ಮೇಲೆ ಇನ್ನೂ ಒಂದು ಬಟ್ಟೆ ಕ್ಲಿಪ್ಪು ಕಚ್ಚಿಕೊಂಡಿತ್ತು. ಬಡಗಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಮೊದಲು ಕಾರ್ಖಾನೆಯ ಲಾರಿ ಓಡಿಸುತ್ತಿದ್ದ ಡ್ರೈವರ್ ಹಗ್ಗ ಬಿಗಿಯುತ್ತ ಹೇಳಿದ: "ಬರ್ತಾ ನಮ್ಮ ಬಿಯರ್ದು ಒಂದು ಬಾಟ್ಲಿ ತರೋಣ ಅಂತ ಅಂಗಡಿಗೆ ಹೋಗಿದ್ದೆ. ಹೆಸರು ಅದೇ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಯಾವುದೋ ಊರು. ಅಂಗಡಿಯವನನ್ನ ಕೇಳಿದ್ರೆ, ಮೊನ್ನೆ ಮತ್ತೆ ಮಾಲೀಕರು ಬದಲಾದ್ರು ಅಂದ."

"ಮತ್ತೆ ಮಾರಿದ್ರಾ?" ಎಂದ ಬಡಗಿ.

"ಸಂತೇಲಿ ಎಮ್ಮೆ ಕೈ ಬದಲಾಯಿಸಿದ ಹಾಗೆ. ಬಾಟ್ಲಿ ಅಲ್ಲೇ ಇಟ್ಟು ಬಂದೆ."

"ಇದನ್ನೆಲ್ಲ ಶುರು ಮಾಡಿದವರು ಬೀದೀಲಿ ನಿಂತಿದ್ದಾರಲ್ಲ, ಹೋಗಿ ಕೇಳಿ," ಎಂದಳು ಮಗಳು. ಕಾರ್ಖಾನೆ ಮುಚ್ಚಿದ ಮೇಲೆ ಅವಳು ಕುಡಿಯುವ ನೀರಿನ ಕಂಪನಿಯಲ್ಲಿ ಕ್ಯಾನು ತುಂಬುತ್ತಿದ್ದಳು. ಏನೂ ಕುದಿಯದ, ಏನೂ ಹುಳಿಯದ, ವಾಸನೆಯೇ ಇಲ್ಲದ ಕೆಲಸ. "ನಮ್ಮನ್ನೆಲ್ಲ ಮಾರಿ, ಕೊಂಡವರ ಹತ್ರಾನೇ ಕೆಲಸಕ್ಕೆ ಸೇರಿದ್ರು. ಅಪ್ಪ ಸಾಯೋ ತನಕ ಅವರ ಹತ್ರ ಮಾತಾಡಲಿಲ್ಲ. ಈಗ ನಾನು ಕರೆದರೆ ಅಪ್ಪನಿಗೆ ಮೋಸ ಮಾಡಿದ ಹಾಗೆ."

ಅಷ್ಟು ಹೊತ್ತೂ ಪೆಟ್ಟಿಗೆಯ ತಲೆದೆಸೆಯಲ್ಲಿ ಕೂತಿದ್ದ ತಾಯಿ ಬಾಯಿ ಬಿಟ್ಟಳು.

"ರುಜು ನಿಮ್ಮಪ್ಪನೂ ಹಾಕಿದ್ರು."

"ಚಿಕ್ಕಪ್ಪ ಹಾಕಿಸಿದ್ದು."

"ನೀನು ಇದ್ದ್ಯಾ ಅಲ್ಲಿ? ಕಾಫಿ ಕೊಟ್ಟವಳು ನಾನು."

*

ಆ ದಿನ ದೊಡ್ಡ ಕಂಪನಿಯವರು ಇದೇ ನಡುಮನೆಯಲ್ಲಿ ಕೂತಿದ್ದರು. ಅವರ ಬಿಯರ್ ಬಂದ ಮೇಲೆ ಅಂಗಡಿಗಳ ಕಪಾಟಿನಲ್ಲಿ ಇವರ ಬಾಟಲಿ ಹಿಂದಕ್ಕೆ, ಹಿಂದಕ್ಕೆ ಸರಿದು ಗೋಡೆಗೆ ತಾಗಿತ್ತು. ಹಂಡೆ ತಳ ಸೋರುತ್ತಿತ್ತು. ಸಂಬಳದ ದಿನ ಬಂದರೆ ಅಣ್ಣ ನೆಲಮಾಳಿಗೆ ಬಿಟ್ಟು ಮೇಲೆ ಬರುತ್ತಿರಲಿಲ್ಲ.

"ಏನಂತೀರಿ?" ಎಂದು ಕಂಪನಿಯವರು ಅಣ್ಣನನ್ನೇ ಕೇಳಿದರು.

ಅಣ್ಣ ಒಂದು ಗ್ಲಾಸು ಒರೆಸುತ್ತಿದ್ದ. ಅದು ಆಗಲೇ ಶುಭ್ರವಾಗಿತ್ತು. ಒರೆಸುತ್ತಲೇ ಇದ್ದ. ಅಣ್ಣನ ಕತ್ತು ಬಗ್ಗಿದ್ದನ್ನು ತಮ್ಮ ನೋಡಿದ.

"ಕೊಡ್ತೀವಿ," ಎಂದ ತಮ್ಮ.

ಬಾಕಿ ಪೀಪಾಯಿಗಳು ಖಾಲಿಯಾಗುವ ತನಕ ಕೆಲಸ ನಡೆಯಿತು. ಅಣ್ಣ ತಮ್ಮನ ಜೊತೆ ಮಾತು ಬಿಟ್ಟ. ಊಟಕ್ಕೆ ಕರೆಯಲಿಲ್ಲ, ಎದುರು ಬಂದರೆ ಮುಖ ಎತ್ತಲಿಲ್ಲ. ಆದರೆ ಪೀಪಾಯಿ ಹೊರಲೇಬೇಕಲ್ಲ.

"ಮೆಟ್ಟಿಲು."

"ಇದೀನಿ."

ಅಷ್ಟೇ ಮಾತು. ಕೊನೆಯ ಪೀಪಾಯಿ ಲಾರಿ ಹತ್ತಿದ ಮೇಲೆ ಅದೂ ನಿಂತಿತು.

*

"ಮಾರಿದ್ದಕ್ಕೆ ನಿಮ್ಮಪ್ಪನಿಗೆ ಅವನ ಮೇಲೆ ಸಿಟ್ಟಿರಲಿಲ್ಲ," ಎಂದಳು ತಾಯಿ. "ದೊಡ್ಡವನು ನಾನು, ನಾನಾಡಬೇಕಾದ ಮಾತನ್ನ ಚಿಕ್ಕವನ ಬಾಯಲ್ಲಿ ಆಡಿಸಿದೆ ಅಂತ ಒದ್ದಾಡೋರು. ಅವನ ಮುಖ ನೋಡಿದ್ರೆ ನಾಚಿಕೆ ಆಗುತ್ತೆ ಕಣೇ ಅನ್ನೋರು. ಹೋಗಿ ಹೇಳಿ ಅಂದ್ರೆ, ನಾಳೆ ಅನ್ನೋರು. ಗಂಡಸರ ನಾಳೆ."

ಮಗಳು ಮೆಟ್ಟಿಲ ಕಡೆ ಹೋದಳು.

ತಾಯಿ ಎದ್ದು ಕಿಟಕಿ ತೆಗೆದಳು. "ಏ ಉದ್ದಪ್ಪ, ಗೋಡೆ ನಿಂತ್ಕೊಳ್ಳುತ್ತೆ, ನೀನು ಬಿಟ್ಟು ಬಾ. ನಿಮ್ಮಣ್ಣನ್ನ ಇಳಿಸ್ಬೇಕು."

ಅವನು ಬಂದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟವನು ಪೆಟ್ಟಿಗೆಯ ಮುಂದೆ ನಿಂತ. ಮುಚ್ಚಳದ ಮೇಲೆ ಅಂಗೈ ಇಟ್ಟ. ಆಮೇಲೆ ಬಗ್ಗಿ, ಡ್ರೈವರ್ ಹಾಕಿದ್ದ ಗಂಟನ್ನು ಬಿಚ್ಚಿ, ತಾನು ಬೇರೆ ಹಾಕಿದ.

"ನನ್ನ ಗಂಟಿಗೇನಾಗಿತ್ತು?" ಎಂದ ಡ್ರೈವರ್.

"ಜಾರುತ್ತೆ," ಎಂದ ಉದ್ದಪ್ಪ. ಮಗಳ ಕಡೆ ನೋಡಿದ. "ನೀನು ಬೇಡ ಅಂದ್ರೆ ಬಿಡ್ತೀನಮ್ಮ."

ಅವಳು ಉದುರಿದ್ದ ಹೂವುಗಳನ್ನು ಮೆಟ್ಟಿಲಿಂದ ಆರಿಸಿ ತಂದು ಮತ್ತೆ ಮುಚ್ಚಳದ ಮೇಲೆ ಇಡುತ್ತಿದ್ದಳು. ಅವನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು.

ಮುಂದೆ ಡ್ರೈವರ್, ಹಿಂದೆ ಉದ್ದಪ್ಪ. ಗಳ ಹೆಗಲಿಗೇರಿತು. ಪೆಟ್ಟಿಗೆ ನೆಲ ಬಿಟ್ಟಿತು, ಬಿಟ್ಟ ಕೂಡಲೇ ಹಿಂದಕ್ಕೆ ವಾಲಿತು.

"ಹಿಂದೆ ಎತ್ತಪ್ಪಾ. ಇಳೀತಿದೆ."

ಉದ್ದಪ್ಪ ನೆಟ್ಟಗೆ ನಿಂತ. ಒಂದು ಹೆಜ್ಜೆ ಇಟ್ಟ. ಮತ್ತೆ ಇಳಿಯಿತು.

"ಯಾಕೆ ಕೂರ್ತೀಯ? ಕಾಲಿಗೇನಾಯ್ತು?"

"ಕಾಲಿಗೇನಾಗಿಲ್ಲ," ಎಂದ ಉದ್ದಪ್ಪ. "ಗಳ ಹೆಗಲಿಗೆ ಬಂದ್ರೆ ಕಾಲು ತಾನೇ ಬಗ್ಗುತ್ತೆ. ನಾನೇನು ಮಾಡ್ಲಿ."

ಅವನು ಅಣ್ಣನ ಎತ್ತರಕ್ಕೆ ಬಗ್ಗಿದ್ದ. ಅಣ್ಣ ಇದ್ದದ್ದು ಪೆಟ್ಟಿಗೆಯೊಳಗೆ.

ಹೂವೊಂದು ಜಾರಿ ಅವನ ಪಾದದ ಮೇಲೆ ಬಿತ್ತು. ಮಗಳು ಅದನ್ನು ಎತ್ತಿಕೊಂಡಳು. ಅವನ ಮೊಣಕಾಲು ನೋಡಿದಳು. ಎಲುಬು ಸವೆದು ಸವೆದು ಆ ಕಾಲುಗಳು ಸುಮ್ಮನೆ ನಿಂತಾಗಲೂ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಹೂವನ್ನು ಮುಚ್ಚಳದ ನಡುವೆ ಇಟ್ಟು, ಮುಂದೆ ಹೋಗಿ ಡ್ರೈವರನ ಬೆನ್ನು ತಟ್ಟಿದಳು.

"ಬಿಡಿ ಅಣ್ಣ. ನಾನು ಹಿಡೀತೀನಿ."

"ನಿನಗಾಗುತ್ತಾ?"

"ಅಪ್ಪ ಎಷ್ಟು ತೂಕ ಇದ್ದಾರು."

ಅವಳು ಅಪ್ಪನ ಎತ್ತರವೇ. ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಗಳ ಅವಳ ಹೆಗಲಿಗೆ ಬಂತು.

"ಹ್ಞಾ, ಮಟ್ಟ ಬಂತು," ಎಂದ ಬಡಗಿ.

ಬಾಗಿಲು ದಾಟಿದರು. ಮೆಟ್ಟಿಲ ತುದಿಯಲ್ಲಿ ಅವಳು ನಿಂತಳು.

"ಮೆಟ್ಟಿಲು," ಎಂದಳು.

ಹಿಂದೆ ಸದ್ದಿಲ್ಲ. ಅವಳು ತಿರುಗಲಿಲ್ಲ, ಕಾಲು ಇಡಲೂ ಇಲ್ಲ. ಗಳ ಹೆಗಲ ಮೇಲೆ ಸಣ್ಣಗೆ ನಡುಗುತ್ತಿತ್ತು. ಕಾದಳು.

"ಇದೀನಿ," ಎಂಬ ದನಿ ಬಂತು.

ಅವಳು ಕಾಲಿಟ್ಟಳು. ಒಂದೊಂದೇ ಮೆಟ್ಟಿಲು, ಒಂದೊಂದೇ ಉತ್ತರ. ಕೆಳಗೆ ಬೀದಿಯಲ್ಲಿ ನಿಂತಿದ್ದವರು ತಲೆ ಎತ್ತಿ ನೋಡಿದರು. ಪೆಟ್ಟಿಗೆ ತುಂಬಿದ ಪೀಪಾಯಿಯ ಹಾಗೆ ನಿಧಾನವಾಗಿ ಇಳಿದು ಬರುತ್ತಿತ್ತು. ಮುಚ್ಚಳದ ಮೇಲಿನ ಬಿಡಿ ಹೂವುಗಳಲ್ಲಿ ಒಂದೂ ಕದಲಲಿಲ್ಲ.