ನಿಲ್ಲಿಸಬಾರದಿದ್ದ ರಾಗ

ಹಾಡಹಗಲಲ್ಲಿ ರಾತ್ರಿ ಮಾಡೋದು ಹೇಗೆ ಅಂತ ಯಾರಾದರೂ ಕೇಳಿದರೆ ಚಿತ್ರಾ ಈಗ ಹೇಳಬಲ್ಲಳು. ಕಸ ತುಂಬುವ ಕಪ್ಪು ಬ್ಯಾಗು ಬೇಕು, ಗಟ್ಟಿ ಟೇಪು ಬೇಕು, ಒಂದು ಏಣಿ ಬೇಕು. ಶನಿವಾರ ಬೆಳಗಿನಿಂದ ಪರದೇಶದಲ್ಲಿರುವ ಸ್ಯಾಂಟ್ರಿಯ ಕಮ್ಯುನಿಟಿ ಹಾಲಿನ ಕಿಟಕಿಗಳಿಗೆಲ್ಲ ಅವಳು ಅದನ್ನೇ ಅಂಟಿಸುತ್ತಿದ್ದಳು. ಕೆಳಗೆ ಏಣಿ ಹಿಡಿದು ನಿಂತವಳು ಜಹರಾ. ಮೊರಾಕ್ಕೋದವಳು, ಚಿತ್ರಾಳ ಮಗಳು ಇಂಚರಾ ಹೋಗುತ್ತಿದ್ದ ಕ್ರೆಶ್‌ನಲ್ಲಿ ಟೀಚರು.

"ನಮ್ಮಲ್ಲಿ ಈ ಆರಾಧನೆ ಕತ್ತಲಾದ ಮೇಲೆ ಶುರುವಾಗಿ ಬೆಳಗಿನ ಜಾವದವರೆಗೂ ನಡೆಯುತ್ತೆ. ಇದರ ಹೆಸರೇ ರಾತ್ರಿ ಅಂತ," ಅಂದಳು ಜಹರಾ ಇಂಗ್ಲಿಷಿನಲ್ಲಿ. "ಇಲ್ಲಿ ಒಂದ್ಸಲ ರಾತ್ರಿ ಮಾಡಿದ್ದಕ್ಕೆ ಅಕ್ಕಪಕ್ಕದವರು ಪೊಲೀಸರನ್ನ ಕರೆದರು. ಪಾಪ, ಬಂದವರಿಗೂ ಹಾಲು ಖರ್ಜೂರ ಕೊಟ್ವಿ, ತಿಂದೇ ಹೋದರು. ಆಮೇಲೆ ರಾತ್ರಿಗೆ ಹಾಲ್ ಸಿಗಲೇ ಇಲ್ಲ."

"ಹಗಲಲ್ಲಿ ಮಾಡಿದ್ರೆ ನಿಮ್ಮ ದೇವರುಗಳು ಬರ್ತಾರಾ?"

"ಅವರು ಕತ್ತಲು ನೋಡ್ತಾರೆ ಚಿತ್ರಾ, ಗಡಿಯಾರ ನೋಡಲ್ಲ."

ಬೇರೆ ದಿನವಾಗಿದ್ದರೆ ಚಿತ್ರಾ ನಕ್ಕುಬಿಡುತ್ತಿದ್ದಳು. ಈಗ ಅವಳಿಗೆ ಯಾರು ಏನು ಹೇಳಿದರೂ ಸರಿ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಾಗಿತ್ತು. ಮಳವಳ್ಳಿಯ ಪೂಜಾರಪ್ಪನವರು ವಿಡಿಯೋ ಕಾಲಿನಲ್ಲಿ ಫೋನಿನ ಸ್ಕ್ರೀನಿಗೇ ತೆಂಗಿನಕಾಯಿ ನಿವಾಳಿಸಿದ್ದೂ ಆಗಿತ್ತು. ಡಾಕ್ಟರು, ಕೌನ್ಸೆಲರು, ಮಾತ್ರೆ, ಎಲ್ಲವೂ ಮುಗಿದಿದ್ದವು.

ಗಂಡ ಶ್ರೀಕಂಠ ಹೊರಗೆ ಕಾರಿನಲ್ಲಿ ಕೂತಿದ್ದ. ಅವನು ಈಗ ಕೂರುವುದೇ ಅಲ್ಲಿ. ಲೀಕ್ಸ್‌ಲಿಪ್‌ನ ಚಿಪ್ ಫ್ಯಾಕ್ಟರಿಯಲ್ಲಿ ಇಂಜಿನಿಯರು. ಮಾತಿನ ಮಲ್ಲ ಅಂದರೆ ಅವನೇ, ಯುಗಾದಿ ಕಾರ್ಯಕ್ರಮದಲ್ಲಿ ಮೈಕು ಕೊಟ್ಟರೆ ಕಿತ್ತುಕೊಳ್ಳಬೇಕಾಗುತ್ತಿತ್ತು. ಅಂಥವನು ಮಗಳು ಹೋದ ಮೇಲೆ ತುಟಿ ಬಿಚ್ಚಿಲ್ಲ. ಬೆಳಗೆದ್ದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ನೋಡುವುದು, ಅಷ್ಟೇ. ಆ ಕನ್ನಡಿ ರಸ್ತೆ ಕಾಣಲಿ ಅಂತ ಇಟ್ಟಿದ್ದಲ್ಲ, ಹಿಂದಿನ ಚೈಲ್ಡ್ ಸೀಟಿನಲ್ಲಿ ಕೂತ ಇಂಚರಾಳ ಮುಖ ಕಾಣಲಿ ಅಂತ ಬಗ್ಗಿಸಿಟ್ಟದ್ದು. ಆ ಸೀಟು ಇನ್ನೂ ಹಾಗೇ ಇತ್ತು, ಬಿಸ್ಕತ್ತಿನ ಪುಡಿ ಸಮೇತ. ಅದನ್ನು ಬಿಚ್ಚಿ ಇಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮಗು ಹೋಗಿದ್ದು ಮೆದುಳು ಜ್ವರಕ್ಕೆ. ಚಿತ್ರಾ ಆವತ್ತು ಆಫೀಸಿನ ಕೆಲಸಕ್ಕೆ ದೂರದ ಗಾಲ್ವೇಯ ಪಾರ್ಕ್‌ಮೋರಿಗೆ ಹೋಗಿದ್ದಳು. ಬೆಳಿಗ್ಗೆ ಬರೀ ಮೈ ಬೆಚ್ಚಗಿದ್ದ ಕೂಸಿಗೆ ಮಧ್ಯಾಹ್ನ ಜ್ವರ ತಾರಕಕ್ಕೇರಿ, ಶ್ರೀಕಂಠ ಅದನ್ನು ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದ. ಚಿತ್ರಾ ಬಿದ್ದೂ ಎದ್ದೂ ಬರುವಷ್ಟರಲ್ಲಿ ಮಗಳ ಬಾಯಲ್ಲಿ ಪೈಪು. ಕಣ್ಣು ತೆರೆಯಲೇ ಇಲ್ಲ. ನರ್ಸೊಬ್ಬಳು ಸಮಾಧಾನಕ್ಕೆ ಅಂತ ಹೇಳಿದ್ದಳು: "ಕರ್ಕೊಂಡು ಬರುವಾಗ ಮಾತಾಡ್ತಾ ಇದ್ದಳು, ಅಪ್ಪನ ಹತ್ತಿರ ಏನೋ ಹೇಳ್ತಾ ಇದ್ದಳು."

ಆ ಸಮಾಧಾನವೇ ಚಿತ್ರಾಳ ಹೊಟ್ಟೆಗೆ ಬೆಂಕಿ ಇಟ್ಟಿದ್ದು. ಏನೋ ಅಂದರೆ ಏನು? ಆವತ್ತಿನಿಂದ ಅವಳು ಗಂಡನನ್ನು ಕೇಳಿದ್ದು ಅದೊಂದೇ. ಊಟಕ್ಕೆ ಕೂತರೆ ಕೇಳಿದಳು, ಮಲಗಿದರೆ ಕೇಳಿದಳು, ಕಾರಿನ ಗಾಜು ಬಡಿದು ಬಡಿದು ಕೇಳಿದಳು. "ಏನಂದ್ಲು ರೀ? ಅಮ್ಮ ಎಲ್ಲಿ ಅಂದ್ಲಾ? ನನ್ನ ಕೇಳಿದ್ಲಾ? ಒಂದು ಸಲ ಹೇಳ್ರೀ, ನಿಮ್ಮ ಕಾಲಿಗೆ ಬೀಳ್ತೀನಿ." ಅವಳು ಕೇಳಿದಷ್ಟೂ ಅವನು ಹಲ್ಲು ಕಚ್ಚಿದ. ಕೊನೆಗೆ ಅನ್ನಕ್ಕೂ ಬಾಯಿ ತೆರೆಯದ ಹಾಗೆ ಕಚ್ಚಿಕೊಂಡ. ಸೋಮವಾರ ಅಡ್ಮಿಟ್ ಮಾಡಿ, ಮೂಗಿಗೆ ಟ್ಯೂಬ್ ಹಾಕದೆ ಬೇರೆ ದಾರಿಯಿಲ್ಲ ಅಂದಿದ್ದರು ಡಾಕ್ಟರು.

ಆಗ ಬಂದವಳು ಜಹರಾ. ಅವಳ ಗಂಡ ಮುಬಾರಕ್ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು, ಆದರೆ ಅವನ ಜನರಿಗೆ ಅವನು ಮಾಲೆಮ್, ಅಂದರೆ ಗುರು. ಗ್ನಾವಾ ಅಂತ ಅವರ ಪಂಗಡ. ಎಷ್ಟೋ ತಲೆಮಾರಿನ ಹಿಂದೆ ಮರುಭೂಮಿ ದಾಟಿಸಿ ಗುಲಾಮರನ್ನಾಗಿ ಎಳೆದು ತಂದವರ ಮಕ್ಕಳು, ಮೊಮ್ಮಕ್ಕಳು. ಔಷಧಿಗೆ ಬಗ್ಗದ ಸಂಕಟವನ್ನು ಇವರು ವಾದ್ಯದಿಂದ ಇಳಿಸುತ್ತಾರಂತೆ. ಒಂದೊಂದು ಶಕ್ತಿಗೆ ಒಂದೊಂದು ಬಣ್ಣ, ಒಂದೊಂದು ರಾಗ. ಯಾವ ರಾಗ ರೋಗಿಯನ್ನು ಎಳೆಯುತ್ತದೋ ಅವನು ತಾನೇ ಎದ್ದು ಬರುತ್ತಾನೆ. ಆ ಬಣ್ಣದ ಬಟ್ಟೆ ತಲೆಗೆ ಹೊದಿಸಿ, ಅವನು ಕುಣಿದು ತಾನಾಗೇ ಬೀಳುವವರೆಗೂ ಬಾರಿಸುತ್ತಾರೆ.

"ಎರಡೇ ಮಾತು," ಅಂದಿದ್ದಳು ಜಹರಾ. "ಅವನು ಎದ್ದ ಮೇಲೆ ನನ್ನ ಬಿಟ್ಟು ಯಾರೂ ಮುಟ್ಟಬಾರದು. ಅವನು ಬೀಳುವವರೆಗೂ ರಾಗ ನಿಲ್ಲಬಾರದು."

"ಮೈಮೇಲೆ ಬಂದವರನ್ನ ಏನು ಬೇಕು ಅಂತ ಕೇಳಲ್ವಾ?"

"ಕೇಳೋದು ಏನಿದೆ? ಅವರಿಗೆ ಬೇಕಾಗಿರೋದೇ ರಾಗ."

ಚಿತ್ರಾ ತಲೆ ಆಡಿಸಿದಳು. ತಲೆಗೆ ಹೋಯಿತೋ ಇಲ್ಲವೋ, ಆ ದೇವರಿಗೇ ಗೊತ್ತು. ಯಾಕೆಂದರೆ ಅವಳು ಹುಟ್ಟಿ ಬೆಳೆದ ಕಡೆ ಮೈಮೇಲೆ ದೇವರು ಬರುವ ರೀತಿಯೇ ಬೇರೆ. ಅವಳ ಸಾವಿತ್ರತ್ತೆಯ ಮೇಲೆ ಮಾರಮ್ಮ ಬರುತ್ತಿದ್ದಳು. ತಮಟೆ ಬಿರುಸಾಗಿ, ಅತ್ತೆ ಜಡೆ ಬಿಚ್ಚಿ ತೂರಾಡುತ್ತಿದ್ದ ಹಾಗೇ ಹಿರಿಯರು ಕೈ ಎತ್ತಿ ತಮಟೆ ನಿಲ್ಲಿಸುತ್ತಿದ್ದರು. ಅರಿಶಿನದ ನೀರು ಎರಚಿ, "ಯಾರು ತಾಯಿ ನೀನು? ಏನು ಬೇಕು? ಬಾಯಿಬಿಟ್ಟು ಹೇಳು," ಅನ್ನುತ್ತಿದ್ದರು. ಅಲ್ಲಿ ವಾದ್ಯ ನಿಂತ ಮೇಲೇ ದೇವರು ಮಾತಾಡುವುದು. ದೇವರು ಬಿಡಿ, ಬಾವಿಗೆ ಬಿದ್ದು ಸತ್ತ ಚಿಕ್ಕಪ್ಪನೂ ಒಂದು ಸಲ ಅತ್ತೆಯ ಮೈಮೇಲೆ ಬಂದು, "ಚಳಿ ಕಣಕ್ಕಾ," ಅಂತ ಅತ್ತಿದ್ದ. ಅದನ್ನು ಚಿತ್ರಾ ತನ್ನ ಕಿವಿಯಾರೆ ಕೇಳಿದ್ದಳು.

ಹಾಗಾಗಿ ಅವಳ ಕೈಚೀಲದಲ್ಲಿ ನಿಂಬೆಹಣ್ಣಿತ್ತು. ಬಾಟಲಿಯಲ್ಲಿ ಅರಿಶಿನದ ನೀರಿತ್ತು. ಇದನ್ನು ಅವಳು ಜಹರಾಗೆ ಹೇಳಿರಲಿಲ್ಲ.

ಬಾಗಿಲು ಹಾಕಿದರು. ಹೊರಗೆ ಹಗಲು, ಒಳಗೆ ಅಮಾವಾಸ್ಯೆ. ಹೊಗೆಗೆ ಕೂಗಿಕೊಳ್ಳುವ ಅಲಾರಮ್ಮಿಗೆ ಯಾರೋ ಅಡುಗೆಮನೆಯ ಗ್ಲೌಸು ತೊಡಿಸಿದ್ದರು. ಕೆಂಡದ ಮೇಲೆ ಧೂಪ ಬಿತ್ತು. ಮುಬಾರಕ್ ಕಾಲು ಮಡಿಸಿ ಕೂತು ಗಿಂಬ್ರಿಯನ್ನು ತೊಡೆಗೆ ಒರಗಿಸಿಕೊಂಡ. ಉದ್ದ ಕತ್ತಿನ ವಾದ್ಯ, ಒಂಟೆಯ ಚರ್ಮ, ಕರುಳಿನ ಮೂರು ತಂತಿ. ಬೇರೆ ನಾಲ್ಕು ಜನ ಕೈಯಲ್ಲಿ ಕಬ್ಬಿಣದ ತಾಳ ಹಿಡಿದರು. ಶ್ರೀಕಂಠನನ್ನು ಕೈ ಹಿಡಿದು ತಂದು ಚಾಪೆಯ ಮೇಲೆ ಕೂರಿಸಿದ್ದಾಯಿತು. ಕೂತ.

ಬಿಳಿ ರಾಗ ಬಂತು, ಹೋಯಿತು. ಅವನು ಅಲ್ಲಾಡಲಿಲ್ಲ. ಕಪ್ಪು ಬಂತು, ತಾಳಗಳು ತಲೆಯೊಳಗೇ ಕುಟ್ಟಿದ ಹಾಗಾಯಿತು. ಅವರ ಕಡೆಯ ಮುದುಕಿಯೊಬ್ಬಳು ಎದ್ದು ಕುಣಿದು ಬಿದ್ದಳು, ಅವನು ಮಾತ್ರ ಕಲ್ಲು. ಇದೂ ಹೋಯ್ತು, ಇನ್ನು ಸೋಮವಾರವೇ ಗತಿ ಅಂದುಕೊಂಡಳು ಚಿತ್ರಾ.

ಆಮೇಲೆ ನೀಲಿ ಶುರುವಾಯಿತು. ನೀರಿನೊಡೆಯನ ರಾಗ ಅದು, ಸಮುದ್ರದ್ದು. ಮುಬಾರಕ್‌ನ ಹೆಬ್ಬೆರಳು ಕೆಳಗಿನ ತಂತಿಯನ್ನು ಎಳೆದು ಎಳೆದು ಬಿಡುತ್ತಿತ್ತು. ಶ್ರೀಕಂಠನ ಎಡಗೈ ಮುಂದಕ್ಕೆ ಚಾಚಿತು. ಪೋರ್ಟ್‌ಮಾರ್ನಕ್ ಬೀಚಿನಲ್ಲಿ ಇಂಚರಾ ಹಿಡಿದು ನೀರಿಗೆ ಎಳೆಯುತ್ತಿದ್ದದ್ದು ಅದೇ ಕೈ. "ಕಮಾನ್ ಅಪ್ಪಾ, ಇಟ್ಸ್ ಗ್ರ್ಯಾಂಡ್!" ಅನ್ನುತ್ತಿದ್ದಳು, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ.

ಅವನು ಎದ್ದ. ಜಹರಾ ನೀಲಿ ಬಟ್ಟೆ ಹೊದಿಸಿದಳು. ಮೊದಲು ತೂಗಿದ, ಆಮೇಲೆ ಸೊಂಟದಿಂದ ಮೇಲೆ ಇಡೀ ಮೈ ಹಿಂದೆ ಮುಂದೆ ಎಸೆದ, ಕೈ ಎರಡೂ ನೀರು ಬಗೆದು ಯಾರನ್ನೋ ಹುಡುಕಿದವು. ಬಟ್ಟೆಯೊಳಗೆ ಅವನ ಬಾಯಿ ತೆರೆಯಿತು. ತಿಂಗಳುಗಟ್ಟಲೆ ಕಚ್ಚಿದ್ದ ಬಾಯಿ! ತುಟಿ ಆಡಿತು.

ಇನ್ನು ಚಿತ್ರಾ ತಡೆಯಬೇಕಲ್ಲ? ಯಾವ ತಾಯಿ ತಡೆದಾಳು? ಬಾಟಲಿ ಬಿಚ್ಚಿ ನುಗ್ಗಿದಳು. "ಯಾರದು? ಇಂಚರಾ, ನೀನೇನಾ ಕಂದಾ? ಅಮ್ಮ ಬಂದಿದೀನಿ, ಹೇಳು ಚಿನ್ನಾ, ಕಾರಲ್ಲಿ ಏನಂದೆ?" ತಾಳಗಳ ಅಬ್ಬರದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಅವನ ತುಟಿ ಆಡುತ್ತಲೇ ಇತ್ತು. ಅರಿಶಿನದ ನೀರು ಅವನ ಮುಖಕ್ಕೆ ಎರಚಿದಳು. ಕೇಳುತ್ತಿಲ್ಲ, ಏನೂ ಕೇಳುತ್ತಿಲ್ಲ. ತಿರುಗಿ ಮುಬಾರಕ್‌ನ ಮೇಲೆ ಬಿದ್ದು ಗಿಂಬ್ರಿಯ ತಂತಿಗಳನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಳು.

"ನಿಲ್ಸಿ! ನಿಲ್ಸ್ರೋ! ಮಗು ಮಾತಾಡ್ತಾ ಐತೆ!"

ನಿಂತಿತು. ಎಲ್ಲವೂ ನಿಂತಿತು.

ಶ್ರೀಕಂಠ ಬೀಳಲಿಲ್ಲ. ಕೈ ಗಾಳಿಯಲ್ಲಿ ಚಾಚಿದ್ದ ಹಾಗೇ ನಿಂತ. ಬಾಯಿ ಮುಚ್ಚಿಕೊಂಡಿತು, ದವಡೆಯ ನರ ಉಬ್ಬಿತು. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಅರಿಶಿನದ ನೀರು ಗಲ್ಲದಿಂದ ಇಳಿಯುತ್ತಿತ್ತು.

"ಏನು ಮಾಡಿದೆ ಚಿತ್ರಾ," ಅಂದಳು ಜಹರಾ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮುಬಾರಕ್ ಮತ್ತೆ ತಂತಿಗೆ ಬೆರಳಿಡುವ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಬೆಳಕು ನುಗ್ಗಿತು. ಹಾಲ್ ನೋಡಿಕೊಳ್ಳುವ ಡರ್ಮಟ್. "ಕ್ಷಮಿಸಿ, ಹೊತ್ತಾಯ್ತು, ಬಿಂಗೋ ಆಟದವರು ಮಳೆಯಲ್ಲಿ ನಿಂತಿದಾರೆ." ಅವನ ಹಿಂದೆ ಬಣ್ಣಬಣ್ಣದ ಕೊಡೆ ಹಿಡಿದ ಅಜ್ಜಿಯರು ಇಣುಕುತ್ತಿದ್ದರು. ಚಿತ್ರಾ ಅವನ ಕೈ ಹಿಡಿದು ಅತ್ತಳು, ಇನ್ನೊಂದು ಸ್ವಲ್ಪ ಹೊತ್ತು ಅಂತ ಗೋಗರೆದಳು. ಡರ್ಮಟ್ ಒಳ್ಳೆಯವನೇ, ಮುಖ ಸಣ್ಣ ಮಾಡಿಕೊಂಡ. ಆದರೆ ಆಗಲೇ ಒಬ್ಬಾಕೆ ಕಿಟಕಿಯ ಕಪ್ಪು ಬ್ಯಾಗು ಕೀಳುತ್ತಿದ್ದಳು, ಮಾಡಿದ್ದ ರಾತ್ರಿ ಪರಪರ ಹರಿದುಹೋಯಿತು.

ಶ್ರೀಕಂಠ ನಡುಗುತ್ತಲೇ ಹೊರಗೆ ನಡೆದ. ನೀಲಿ ಬಟ್ಟೆ ಹೆಗಲ ಮೇಲೇ ಇತ್ತು. ಕಾರಿನ ಬಾಗಿಲು ತೆಗೆದು ತನ್ನ ಜಾಗದಲ್ಲಿ ಕೂತು ಬಾಗಿಲು ಹಾಕಿಕೊಂಡ.

"ನಾನು ಹಾಳು ಮಾಡಿಬಿಟ್ಟೆ. ಕೈಯಾರೆ ಹಾಳು ಮಾಡಿದೆ," ಅಂತ ಚಿತ್ರಾ ಹಣೆ ಚಚ್ಚಿಕೊಂಡಳು. "ಇನ್ನೇನು ಗತಿ, ಹೇಳು ಜಹರಾ."

ಉತ್ತರ ಕೊಟ್ಟವನು ಮುಬಾರಕ್. ಅವನು ಗಿಂಬ್ರಿಯನ್ನು ಚೀಲಕ್ಕೆ ಹಾಕಿರಲಿಲ್ಲ, ಕೋಟಿನೊಳಗೆ ಮುಚ್ಚಿಕೊಂಡು ಮಳೆಗೆ ಬಂದಿದ್ದ. "ರಾಗ ಅರ್ಧಕ್ಕೆ ನಿಂತಿದೆ. ಅವನು ನಡುನೀರಿನಲ್ಲಿ ಇದಾನೆ. ಮುಗಿಸದೆ ನಾನು ಮನೆಗೆ ಹೋಗೋ ಹಾಗಿಲ್ಲ." ಕಾರಿನ ಕಡೆ ನೋಡಿದ. "ಅಲ್ಲೇ ಬಾರಿಸ್ತೀನಿ."

ಮುಂದಿನ ಸೀಟಿನಲ್ಲಿ ಗಿಂಬ್ರಿಯ ಕತ್ತು ಸ್ಟೀರಿಂಗಿಗೆ ಬಡಿಯುತ್ತಿತ್ತು. ಹಿಂದೆ ಕೂರೋಣವೆಂದರೆ ಆಳು ದೊಡ್ಡವನು, ಅರ್ಧ ಜಾಗ ಚೈಲ್ಡ್ ಸೀಟಿನದು. ಮುಬಾರಕ್ ಆ ಸೀಟನ್ನು ನೋಡಿದ, ಚಿತ್ರಾಳನ್ನು ನೋಡಿದ, ಮಳೆಯಲ್ಲೇ ನಿಂತ.

ಚಿತ್ರಾ ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದಳು. ಸೀಟಿನ ಬಟ್ಟೆಯಲ್ಲಿ ಇನ್ನೂ ಕೂಸಿನ ವಾಸನೆ ಇತ್ತು. ಕನ್ನಡಿಯಲ್ಲಿ ಗಂಡನ ಕಣ್ಣು ಕಾಣುತ್ತಿತ್ತು. ತಡಕಿದ ಬೆರಳಿಗೆ ಕೆಳಗಿನ ಲಾಕು ಸಿಗಲೇ ಇಲ್ಲ. "ಕ್ಷಮಿಸು ಕಂದಾ, ಕ್ಷಮಿಸು," ಅಂತ ಅಂದುಕೊಳ್ಳುತ್ತಲೇ ಒತ್ತಿದಳು. ಕಟಕ್ ಅಂತು, ಇನ್ನೊಂದೂ ಕಟಕ್ ಅಂತು. ಸೀಟು ಕೈಗೆ ಬಂತು. ಎಷ್ಟು ಹಗುರ ಇತ್ತು ಅಂತೀರಿ! ಅವಳು ಅದನ್ನು ಎದೆಗೆ ಅವುಚಿಕೊಂಡು ಹೊರಗೆ ನಿಂತಳು.

ಮುಬಾರಕ್ ಆ ಜಾಗದಲ್ಲಿ ಕೂತ. ಜಹರಾ ಮುಂದೆ ಕೂತು ನೀಲಿ ಬಟ್ಟೆಯನ್ನು ಮತ್ತೆ ಶ್ರೀಕಂಠನ ತಲೆಗೆ ಎಳೆದಳು. ಬಾಗಿಲುಗಳು ಮುಚ್ಚಿದವು. ಗಾಜಿನಾಚೆ ಹೆಬ್ಬೆರಳು ತಂತಿಯ ಮೇಲೆ ಏಳುತ್ತಾ ಬೀಳುತ್ತಾ ಇತ್ತು. ಚಿತ್ರಾಳಿಗೆ ಬರೀ ಗುಂಯ್ ಅನ್ನುವ ಸದ್ದು. ಕಾರು ಮೆಲ್ಲಗೆ ಅಲುಗಿತು, ಆಮೇಲೆ ಜೋರಾಗಿ. ಗಾಜಿಗೆಲ್ಲ ಒಳಗಿನ ಉಸಿರಿನ ಮಂಜು ಹತ್ತಿತು.

ಆ ಮಂಜಿನ ನಡುವೆಯೇ ಅವಳಿಗೆ ಕಂಡಿತು. ಶ್ರೀಕಂಠನ ಬಾಯಿ ತೆರೆದಿತ್ತು. ಕನ್ನಡಿ ನೋಡಿಕೊಂಡು ಅವನು ಮಾತಾಡುತ್ತಿದ್ದ. ಒಂದು ಮಾತಲ್ಲ, ಬಡಬಡ ಬಡಬಡ, ಕಣ್ಣೀರು ಮೂಗು ಒಂದಾಗಿ ಮಾತಾಡುತ್ತಿದ್ದ. ಅವಳು ಕೇಳಿ ಕೇಳಿ ಸತ್ತಿದ್ದ ಮಾತು ಅದೇ, ಅವಳಿಗೆ ಗೊತ್ತು. ಕೇಳಿಸಿಕೊಳ್ಳುತ್ತಿದ್ದ ಇಬ್ಬರಿಗೂ ಕನ್ನಡದ ಒಂದಕ್ಷರ ಬರುವುದಿಲ್ಲ. ಅವಳ ಕೈ ಬಾಗಿಲ ಹಿಡಿಯ ಮೇಲಿತ್ತು. ಒಂದು ಇಂಚು ತೆರೆದರೆ ಸಾಕು.

ಚಿತ್ರಾ ಕೈ ತೆಗೆದಳು. ಅಷ್ಟೇ ಅಲ್ಲ, ಅಷ್ಟು ದೂರ ಹಿಂದೆ ಸರಿದಳು. ಸೀಟಿನ ಮೇಲೆ ಮಳೆ ಬೀಳದ ಹಾಗೆ ಬಗ್ಗಿ ಅದರ ಬೆಲ್ಟನ್ನು ಬಾಯಿಗೆ ತುರುಕಿಕೊಂಡು ಅತ್ತಳು, ಸದ್ದು ಒಳಗೆ ಹೋಗಬಾರದಲ್ಲ.

ರಾಗ ಯಾವಾಗ ಮುಗಿಯಿತೋ ಅವಳಿಗೆ ತಿಳಿಯಲಿಲ್ಲ. ಹಾಲಿನೊಳಗೆ ಬಿಂಗೋ ನಂಬರು ಕೂಗುವುದು ಕೇಳುತ್ತಿತ್ತು. ಕಾರಿನ ಗಾಜು ಇಳಿಯಿತು. ಶ್ರೀಕಂಠ ಸ್ಟೀರಿಂಗಿಗೆ ತಲೆ ಒರಗಿಸಿ ಅವಳ ಕಡೆ ನೋಡುತ್ತಿದ್ದ, ತುಂಬಾ ದೂರ ಈಜಿ ದಡಕ್ಕೆ ಬಿದ್ದವನ ಹಾಗೆ ಉಸಿರು ಬಿಡುತ್ತಾ.

"ಚಿತ್ರಾ," ಅಂದ. "ನೆನೀತಾ ಇದೀಯಲ್ಲೇ."

"ಹೂಂ ರೀ," ಅಂದಳು. ಬಾಯ್ತುದಿಗೆ ಬಂದಿತ್ತು ಆ ಪ್ರಶ್ನೆ. ನುಂಗಿಕೊಂಡಳು. ಕಾರಿನ ಡಿಕ್ಕಿ ತೆಗೆದು, ಸೀಟನ್ನು ಒರೆಸಿ, ಒಳಗೆ ಇಟ್ಟಳು.